ಕೋಲಿನ ತುದಿಗೆ ಮೆಣಸಿಯ ಮೂಗು

ನವೆಂಬರ್ 12, 2007

ಬೈಯಲು ಗಂಟಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಯಾರೂ ಓದಬೇಕಾಗಿಲ್ಲ.

ಥೈರಾಯ್ಡಿನ ಗಂಟು ತೆಗೆಸಿ ಇವತ್ತಿಗೆ ಹದಿನೆಂಟು ದಿನ. ಗಂಟು ಕೆಟ್ಟದ್ದಲ್ಲವಂತೆ. ಆದರೆ ಧ್ವನಿಯ ನರ ಅದಕ್ಕೇ ಅಂಟಿಕೊಂಡಿತ್ತಂತೆ, ಬಿಡಿಸುವಾಗ ನೊಂದಿದೆಯಂತೆ. "ಆರು ತಿಂಗಳಲ್ಲಿ ಬರಬಹುದು, ಬರದೆಯೂ ಇರಬಹುದು" ಎಂದರು ಡಾಕ್ಟರು. ಈಗ ಬಾಯಿ ತೆರೆದರೆ ಪಂಕ್ಚರಾದ ಸೈಕಲ್ ಟ್ಯೂಬಿನ ಹಾಗೆ ಬರೀ ಗಾಳಿ ಹೋಗುತ್ತದೆ.

ಇಪ್ಪತ್ತಾರು ವರ್ಷ ದೆಹಲಿಯಲ್ಲಿ ಹೋಟೆಲು ನಡೆಸಿದ ಗಂಟಲು ಇದು. ನಮ್ಮ ಯಜಮಾನರಿದ್ದಾಗ ಮುನೀರ್ಕಾದಲ್ಲಿ, ಅವರು ಹೋದ ಮೇಲೆ ಇಲ್ಲಿ ದ್ವಾರಕಾದ ಮಾರ್ಕೆಟ್ಟಿನಲ್ಲಿ. ಗಲ್ಲಾದಲ್ಲಿ ಕೂತು ನಾನು "ಎರಡು ಮಸಾಲೆ, ಒಂದು ಸಾದಾ" ಎಂದರೆ ಒಳಗೆ ಭಟ್ಟರ ಕೈಯ ಸಟ್ಟುಗ ತಾನಾಗಿ ಏಳುತ್ತಿತ್ತು. ಮೆಟ್ರೋದಿಂದ ಇಳಿದವರಿಗೂ ಕೇಳಿಸುತ್ತದೆ ಎಂದು ಗಿರಾಕಿಗಳು ನಗುತ್ತಿದ್ದರು.

ಇವತ್ತು ದೀಕ್ಷಿತ್ ಹೇಳಿದ: "ಅಮ್ಮ, ನೀನಿನ್ನು ಮನೇಲಿ ಆರಾಮಾಗಿರು. ಗಲ್ಲಾ ಗೋಪಾಲ ನೋಡ್ಕೋತಾನೆ." ನಾನೇ ಹೆತ್ತ ಮಗ ನನ್ನನ್ನು ಆರಾಮು ಎಂಬ ಜೈಲಿಗೆ ಹಾಕಿದ.

ಅವನ ಹೆಂಡತಿ ಗುಡಗಾಂವದ ಕಂಪ್ಯೂಟರ್ ಕಂಪನಿಗೆ ಹೋಗುವ ಮುಂಚೆ ಫ್ರಿಜ್ಜಿನ ಮೇಲೆ ಹಳದಿ ಚೀಟಿ ಅಂಟಿಸಿ ಹೋಗುತ್ತಾಳೆ. 'ಗಂಜಿ ಒಳಗಿದೆ.' 'ಮಾತ್ರೆ ಊಟದ ನಂತರ.' ಎದುರಿಗೆ ಬಂದರೆ ಒಂದೊಂದೇ ಅಕ್ಷರ ಬಿಡಿಸಿ, ದೊಡ್ಡದಾಗಿ ಮಾತಾಡುತ್ತಾಳೆ. ಹೋದದ್ದು ನನ್ನ ಗಂಟಲು, ಕಿವಿಯಲ್ಲ ಎಂದು ಅವಳಿಗೆ ಯಾರು ಹೇಳಬೇಕು? ನನಗಂತೂ ಆಗುವುದಿಲ್ಲ.

ಮೆಣಸಿ ಒಬ್ಬಳೇ ನನ್ನ ಮುಖ ನೋಡುತ್ತಾ ಕೂತಿರುತ್ತಾಳೆ. ಕರಿ ನಾಯಿ, ಒಂದು ಕಿವಿ ಮಡಚಿದೆ. ನಾಲ್ಕು ವರ್ಷದ ಹಿಂದೆ ಹೋಟೆಲಿನ ಹಿಂಬಾಗಿಲಿನಿಂದ ಮನೆಗೆ ಬಂದವಳು. ನನ್ನ ಒಂದು ಕೂಗಿಗೆ ಮೂರು ಮಹಡಿ ಇಳಿದು ಬರುತ್ತಿದ್ದಳು. ಬೇರೆ ಯಾರ ಮಾತನ್ನೂ ಕೇಳುವವಳಲ್ಲ. ಅವಳಿಗೆ ನಾನೊಬ್ಬಳೇ.

ನವೆಂಬರ್ 19

ಬೆಳಗ್ಗೆ ಮೆಣಸಿಯನ್ನು ಕೆಳಗೆ ಕರೆದುಕೊಂಡು ಹೋಗಿದ್ದೆ. ಗೇಟಿನ ಹತ್ತಿರ ರತ್ನಾ ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದರು. ನಮ್ಮ ಸೊಸೈಟಿಯ ಸೆಕ್ರೆಟರಿ ಮುರಳೀಧರ ರಾಯರ ಹೆಂಡತಿ. ಮೆಣಸಿಗೆ ಅವರೆಂದರೆ ಪ್ರೀತಿ. ನನ್ನ ಕೈಯಿಂದ ಬೆಲ್ಟು ಕಿತ್ತುಕೊಂಡು ಓಡಿದಳು. "ನಿಲ್ಲು" ಎಂದು ಕೂಗಿದೆ. ಕೂಗಿದೆ ಅಂದುಕೊಂಡೆ, ಅಷ್ಟೆ. ಹಾರಿ ಅವರ ಎದೆಯ ಮೇಲೆ ಎರಡೂ ಕಾಲು ಇಟ್ಟಳು. ರತ್ನಾ ಬಿದ್ದರು. ಮಣಿಕಟ್ಟು ಉಳುಕಿದೆ.

ಕ್ಷಮೆ ಕೇಳಲು ಹೋದೆ. ರತ್ನಾ ಹಾಸಿಗೆಯಿಂದಲೇ "ಏನಿಲ್ಲ ಬಿಡಿ, ಪ್ರೀತಿಗೆ ಹಾರಿದ್ದು" ಎಂದರು. ರಾಯರು ಮಾತ್ರ ಬಾಗಿಲಲ್ಲೇ ನಿಂತು, "ನೋಡಿ ಅಮ್ಮಣ್ಣಿಯವರೇ, ಮೊದಲು ನಿಮ್ಮ ಕೂಗಿಗೆ ಅದು ನಿಲ್ತಿತ್ತು. ಈಗ ನಿಮಗೆ ಕೂಗೋಕಾಗಲ್ಲ. ಕೂಗೋಕಾಗದವರು ನಾಯಿ ಇಟ್ಕೋಬಾರದು" ಎಂದರು.

ಮೈಸೂರಿನವರು, ಮೂವತ್ತು ವರ್ಷ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದು ಯಾವುದೋ ಮಂತ್ರಾಲಯದಿಂದ ನಿವೃತ್ತರಾದವರು. ನನ್ನ ಹೋಟೆಲಿನ ಇಡ್ಲಿ ತಿನ್ನದೆ ಅವರ ಭಾನುವಾರ ಕಳೆಯುತ್ತಿರಲಿಲ್ಲ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅಲ್ಲಿಯೇ ಉಳಿಯಿತು.

ನವೆಂಬರ್ 22

ನೋಟಿಸು ಬಂತು. ಇಂಗ್ಲಿಷಿನಲ್ಲಿ ಒಂದು ಪುಟ. ಫೆಬ್ರವರಿ ಮೂರರ ಸಭೆಯಲ್ಲಿ ನಾಯಿ ಹತೋಟಿಯಲ್ಲಿದೆ ಎಂದು ಎಲ್ಲರೆದುರು ತೋರಿಸಬೇಕು, ಇಲ್ಲವಾದರೆ ಸಾಗಿಸಬೇಕು.

ದೀಕ್ಷಿತ್ ಸಾಗಿಸುವ ಜಾಗವನ್ನೂ ಹುಡುಕಿದ್ದಾನೆ. "ಮಾನೇಸರ್‌ನಲ್ಲಿ ನನ್ನ ಫ್ರೆಂಡ್ ಕಿಶನ್‌ದು ಫ್ಯಾಕ್ಟರಿ ಇದೆಯಲ್ಲ ಅಮ್ಮ, ಅಲ್ಲಿ ಕಾವಲಿಗೆ ನಾಯಿ ಬೇಕಂತೆ. ದೊಡ್ಡ ಅಂಗಳ. ಊಟಕ್ಕೆ ತೊಂದರೆಯಿಲ್ಲ."

ಚೀಟಿಯಲ್ಲಿ ಬರೆದು ಕೇಳಿದೆ: ಕಟ್ಟಿ ಹಾಕುತ್ತಾರೋ, ಬಿಡುತ್ತಾರೋ?

ಅವನು ಕಿಟಕಿಯಾಚೆ ನೋಡಿದ. "ಹಗಲು ಕಟ್ಟಿರ್ತಾರೆ."

ತಟ್ಟೆ ಎತ್ತಿ ನೆಲಕ್ಕೆ ಕುಕ್ಕಿದೆ. ಸ್ಟೀಲಿನ ತಟ್ಟೆಗೆ ಎಷ್ಟು ದೊಡ್ಡ ಗಂಟಲು! ಮೆಣಸಿ ಎಲ್ಲಿಗೂ ಹೋಗುವುದಿಲ್ಲ.

ನವೆಂಬರ್ 25

ಸೊಸೆ ಆಫೀಸಿನಿಂದ ಹತ್ತು ಹಾಳೆ ಪ್ರಿಂಟ್ ತೆಗೆದುಕೊಂಡು ಬಂದಿದ್ದಾಳೆ. ಯಾವುದೋ ದೇಶದವರು ಇಂಟರ್ನೆಟ್ಟಿನಲ್ಲಿ ಬರೆದದ್ದು. ಕೋಲು ಹಿಡಿದು ನಾಯಿಗೆ ಆಟ ಕಲಿಸುವ ವಿದ್ಯೆಯಂತೆ.

"ಅತ್ತೆ, ಇದಕ್ಕೆ ಧ್ವನಿಯೇ ಬೇಡ. ಕೋಲಿನ ತುದಿಗೆ ಮೂಗು ತಾಗಿಸಿದ ಕೂಡಲೇ ಟಕ್ ಅಂತ ಒಂದು ಸದ್ದು, ಹಿಂದೆಯೇ ತಿಂಡಿ. ಆಮೇಲೆ ಕೋಲು ಹೋದಲ್ಲೆಲ್ಲ ಮೂಗು ಹೋಗತ್ತೆ. ಮೂಗು ಹೋದಲ್ಲಿ ನಾಯಿ ಹೋಗ್ಲೇಬೇಕಲ್ಲ?"

ಕೋಲು ಇರುವುದು ಹೊಡೆಯುವುದಕ್ಕೆ, ಇಷ್ಟು ನನಗೆ ಗೊತ್ತು. ನನ್ನ ನಾಯಿಯ ವಿಷಯದಲ್ಲಿ ಅವಳ ಪಾಠ ಬೇಡ. ಹಾಳೆ ಮಡಚಿ ಮೇಜಿನ ಕೆಳಗೆ ಹಾಕಿದೆ. ಅವಳು ಒಳಗೆ ಹೋದಳು.

ನವೆಂಬರ್ 27

ಮನೆಯಲ್ಲಿ ಯಾರೂ ಇಲ್ಲದಾಗ ಹಾಳೆ ತೆಗೆದು ಓದಿದೆ. ಇಂಗ್ಲಿಷು ಅರ್ಧ ಅರ್ಥವಾಗುತ್ತದೆ, ಚಿತ್ರ ಪೂರ್ತಿ ಅರ್ಥವಾಗುತ್ತದೆ.

ಬಾಲ್ಕನಿಯಿಂದ ಪರದೆಯ ಕೋಲು ತಂದೆ. ಕೈಯಲ್ಲಿ ಹಿಡಿದದ್ದೇ ತಡ, ಮೆಣಸಿ ಹೊಟ್ಟೆ ನೆಲಕ್ಕೆ ಒತ್ತಿಕೊಂಡು ದಿವಾನದ ಕೆಳಗೆ ನುಸುಳಿದಳು. ಅಲ್ಲೇ ಒದ್ದೆ ಮಾಡಿಕೊಂಡಳು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಮನೆಯೊಳಗೆ ಹಾಗೆ ಮಾಡಿದವಳಲ್ಲ.

ಕೋಲನ್ನು ಹೊರಗಿಟ್ಟು ಬಂದು ಅವಳ ಪಕ್ಕ ನೆಲದ ಮೇಲೆ ಕೂತೆ.

ಇದನ್ನು ಬರೆದೇ ಬಿಡುತ್ತೇನೆ. ಹೋಟೆಲಿನ ಹಿಂಬಾಗಿಲಿಗೆ ನಾಯಿಗಳು ಬಾರದಿರಲಿ ಎಂದು ಒಂದು ಬಿದಿರಿನ ಕೋಲು ಒರಗಿಸಿಟ್ಟಿದ್ದೆ. ಪಾತ್ರೆ ತೊಳೆಯುವವರಿಗೆ "ಬಾರಿಸಿ" ಎಂದು ಗಲ್ಲಾದಿಂದಲೇ ಕೂಗುತ್ತಿದ್ದೆ. ಅವರು ಬಾರಿಸುತ್ತಿದ್ದರು. ಮೆಣಸಿ ಆಗ ಆ ಗುಂಪಿನಲ್ಲಿದ್ದ ಮರಿ. ಆ ಮಡಚಿದ ಕಿವಿ ಹುಟ್ಟಿನಿಂದ ಬಂದದ್ದು ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ನನಗೆ ಗೊತ್ತಿಲ್ಲ. ಯಾರನ್ನೂ ಕೇಳಿಲ್ಲ.

ಡಿಸೆಂಬರ್ 2

ಸೊಸೆಗೆ ಚೀಟಿ ಬರೆದೆ: ಕೋಲಿಗೆ ಹೆದರುವ ನಾಯಿಗೆ ಏನು ಮಾಡಬೇಕಂತೆ?

ಅವಳು ಚೀಟಿ ಓದಿ ನಗಲಿಲ್ಲ. ಅದೊಂದು ಒಳ್ಳೆಯದಾಯಿತು. "ಕೋಲು ಅಂತ ಅನ್ನಿಸದಷ್ಟು ಚಿಕ್ಕದರಿಂದ ಶುರು ಮಾಡೋಣ ಅತ್ತೆ" ಎಂದು ಐಸ್‌ಕ್ರೀಮಿನ ಕಡ್ಡಿ ತಂದುಕೊಟ್ಟಳು. ತುದಿಗೆ ನನ್ನ ಹಳೆಯ ರವಿಕೆಯ ಕೆಂಪು ಚೂರು ಸುತ್ತಿದೆವು. ಟಕ್ ಎನ್ನಿಸಲು ತಲೆನೋವಿನ ಮುಲಾಮಿನ ಡಬ್ಬಿಯ ಮುಚ್ಚಳ. ನಡುವೆ ಒತ್ತಿದರೆ ಸರಿಯಾಗಿ ಸದ್ದಾಗುತ್ತದೆ. ತಿಂಡಿಗೆ ಇಡ್ಲಿ ಚೂರು.

ಕಡ್ಡಿಯನ್ನು ನೆಲದ ಮೇಲಿಟ್ಟು ಸುಮ್ಮನೆ ಕೂತೆವು. ಹದಿನೈದು ನಿಮಿಷಕ್ಕೆ ದಿವಾನದ ಕೆಳಗಿನಿಂದ ಒಂದು ಮೂಗು ಬಂತು. ಮುಟ್ಟಿತು. ಟಕ್. ಇಡ್ಲಿ.

ಮತ್ತೆ ಮುಟ್ಟಿತು.

ಡಿಸೆಂಬರ್ 9

ಕಡ್ಡಿಯಿಂದ ಪೆನ್ಸಿಲ್ಲು, ಪೆನ್ಸಿಲ್ಲಿನಿಂದ ಸೌಟಿನ ಹಿಡಿ. ಮೂರು ದಿನದಿಂದ ಮೆಣಸಿ ಕೋಲನ್ನು ಮೂಗಿನಿಂದ ಮುಟ್ಟುವ ಬದಲು ಹಲ್ಲಿನಿಂದ ಕಚ್ಚುತ್ತಿದ್ದಾಳೆ. ನನಗೆ ರೇಗಿತು.

ಸೊಸೆ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಅತ್ತೆ, ನೀವು ಟಕ್ ಅನ್ನೋದು ತಡ ಆಗ್ತಿದೆ. ಅವಳು ಮುಟ್ಟಿದಾಗ ಅಲ್ಲ, ಆಮೇಲೆ ಕಚ್ಚಿದಾಗ ಅಂತಿದ್ದೀರಿ. ಕಚ್ಚೋದೇ ಸರಿ ಅಂತ ಅವಳು ತಿಳ್ಕೊಂಡಿದ್ದಾಳೆ."

ನನ್ನ ಅರ್ಧ ವಯಸ್ಸು. ನಾಯಿಯನ್ನು ಸಾಕಿದವಳಲ್ಲ. ನನಗೆ ಹೇಳಿಕೊಡಲು ಬಂದಳು. ಡಬ್ಬಿಯನ್ನು ಅವಳ ಕಡೆಗೆ ಎಸೆದೆ. ಹಿಡಿದುಕೊಂಡು, ವಾಪಸು ತಂದು ನನ್ನ ಕೈಯಲ್ಲೇ ಇಟ್ಟು ಹೋದಳು.

ಮಧ್ಯಾಹ್ನವೆಲ್ಲ ಅವಳು ಹೇಳಿದ ಹಾಗೆ ಮಾಡಿದೆ. ತಪ್ಪು ನನ್ನದೇ ಇತ್ತು. ಅವಳಿಗೆ ಹೇಳುವುದಿಲ್ಲ.

ಡಿಸೆಂಬರ್ 23

ಮಂಜು. ಎದುರಿನ ಬ್ಲಾಕು ಕಾಣುವುದಿಲ್ಲ. ಬರೆಯುವ ಕೈಗೆ ಚಳಿ.

ಮೆಣಸಿ ಕೋಲಿನ ಹಿಂದೆ ಗಿರಕಿ ಹೊಡೆಯುತ್ತಾಳೆ, ನನ್ನ ಕಾಲುಗಳ ನಡುವೆ ಎಂಟರ ಅಂಕಿಯ ಹಾಗೆ ಸುತ್ತುತ್ತಾಳೆ, ಕೋಲನ್ನು ನೆಲಕ್ಕೆ ಇಳಿಸಿದರೆ ಮುಂಗಾಲು ಚಾಚಿ ನಮಸ್ಕಾರ ಮಾಡುತ್ತಾಳೆ. ಕೋಲು ಈಗ ಒಂದು ಮಾರು ಉದ್ದ. ಹತ್ತೂ ಹಾಳೆ ಮುಗಿದವು, ಸೊಸೆ ಸಿಂಧೂರ ಇನ್ನೂ ಹತ್ತು ತಂದಳು.

ಡಿಸೆಂಬರ್ 30

ಹೊಸ ಆಟ. ಹಳದಿ ಚೀಟಿಯನ್ನು ಕೋಲಿನ ತುದಿಗೆ ಅಂಟಿಸಿ ಮುಟ್ಟಿಸಿದೆವು. ಆಮೇಲೆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು. ಈಗ ಚೀಟಿ ಎಲ್ಲಿದ್ದರೆ ಅಲ್ಲಿಗೆ ಮೂಗು. ಫ್ರಿಜ್ಜಿನ ಬಾಗಿಲು, ಬೀರುವಿನ ಬಾಗಿಲು, ದೀಕ್ಷಿತ್‌ನ ಲ್ಯಾಪ್‌ಟಾಪು, ಎಲ್ಲವನ್ನೂ ಮೂಗಿನಿಂದ ನೂಕಿ ಮುಚ್ಚುತ್ತಾಳೆ. ಲ್ಯಾಪ್‌ಟಾಪಿಗೆ ಚೀಟಿ ಅಂಟಿಸಿದ್ದು ಸಿಂಧೂರ. ದೀಕ್ಷಿತ್ ಕೆಲಸದ ನಡುವೆಯೇ "ಅರೇ ಯಾರ್!" ಎಂದು ಎದ್ದ. ನಾವಿಬ್ಬರೂ ಅಡುಗೆಮನೆಗೆ ಓಡಿದೆವು.

ಜನವರಿ 8, 2008

ಡಾಕ್ಟರು ಗಂಟಲಿಗೆ ಟ್ಯೂಬು ಇಳಿಸಿ ನೋಡಿದರು. ಎಡಗಡೆಯ ಧ್ವನಿತಂತು ಅಲುಗಾಡುತ್ತಿಲ್ಲ. ಹಾಗೆಯೇ ಇದೆ.

ಜನವರಿ 13

ನಾಲ್ಕು ದಿನ ಏನೂ ಬರೆಯಲಿಲ್ಲ, ಕೋಲನ್ನೂ ಮುಟ್ಟಲಿಲ್ಲ. ಐದನೆಯ ದಿನ ಮೆಣಸಿ ತಾನೇ ಕೋಲನ್ನು ಕಚ್ಚಿ ಎಳೆದುಕೊಂಡು ಬಂದು ನನ್ನ ಮಂಚದ ಪಕ್ಕ ಹಾಕಿದಳು. ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು, ಓರೆ ಮಾಡಿ ತಂದಳು. ಅದನ್ನು ನಾನು ಕಲಿಸಿರಲಿಲ್ಲ.

ಎದ್ದೆ. ಮಲಗಿದ್ದರೆ ರಾಯರಿಗೆ ಸಂತೋಷ.

ಜನವರಿ 15, ಸಂಕ್ರಾಂತಿ

ರತ್ನಾ ಎಳ್ಳುಬೆಲ್ಲ ತಂದರು. ಕೈ ಗುಣವಾಗಿದೆ. ಪಾರ್ಕಿನಲ್ಲಿ ಮೆಣಸಿಯ ನಮಸ್ಕಾರ ನೋಡಿ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ಅಮ್ಮಣ್ಣಿ, ನಾನೊಂದು ಸಲ ಹಿಡೀಲಾ?" ಎಂದು ಕೋಲಿಗೆ ಕೈ ಚಾಚಿದರು.

ಬೇಡ ಎಂದು ತಲೆಯಾಡಿಸಿಬಿಟ್ಟೆ. ಮೆಣಸಿ ನನ್ನ ಕೋಲಿಗೆ ಮಾತ್ರ ಬರುವವಳು.

ರಾಯರು ಬೆಂಚಿನಿಂದಲೇ ಹೇಳಿದರು: "ಸರ್ಕಸ್ಸಿಗೆ ಸರಿ. ಸೊಸೈಟಿಗೆ ಬೇಕಾಗಿರೋದು ಹತೋಟಿ."

ಹತ್ತಿರ ಹೋಗಿ ಅವರ ಕಿವಿಯ ಪಕ್ಕ ಬಗ್ಗಿ, ಇರುವ ಗಾಳಿಯನ್ನೆಲ್ಲ ಕೂಡಿಸಿ ಹೇಳಿದೆ: "ಮೂರನೇ ತಾರೀಕು ಬೇಗ ಬನ್ನಿ. ಮುಂದಿನ ಕುರ್ಚಿ ಹಿಡೀರಿ."

ಜನವರಿ 26

ಇವತ್ತಿನದನ್ನು ಇವತ್ತೇ ಬರೆಯುತ್ತೇನೆ.

ಸಿಂಧೂರಳಿಗೆ ರಜೆ. ಜನಸಂದಣಿಯ ಅಭ್ಯಾಸವಾಗಲಿ ಎಂದು ಸಂಜೆ ನಾಲ್ಕಕ್ಕೆ ಮೆಣಸಿಯನ್ನು ಗೇಟಿನಾಚೆ ಕರೆದೊಯ್ದೆವು. ಎದುರಿನಿಂದ ಮದುವೆಯ ಮೆರವಣಿಗೆ ಬಂತು. ಬ್ಯಾಂಡು, ಕುದುರೆ, ನಡುವೆ ಪಟಾಕಿಯ ಸರ. ಮೊದಲ ಸದ್ದಿಗೇ ಮೆಣಸಿ ಕತ್ತಿನ ಪಟ್ಟಿಯಿಂದ ತಲೆ ಜಾರಿಸಿಕೊಂಡು ದೊಡ್ಡ ರಸ್ತೆಗೆ ನುಗ್ಗಿದಳು. ಒಂದು ಬಸ್ಸು ಬ್ರೇಕು ಕಿರುಚಿಸಿ ತಪ್ಪಿಸಿತು. ಅವಳು ಆಚೆ ಬದಿಯ ಗೋಡೆಗೆ ಬೆನ್ನು ಒತ್ತಿ ನಿಂತು ನನ್ನನ್ನು ಹುಡುಕತೊಡಗಿದಳು.

ನನ್ನ ಕೈಯಲ್ಲಿ ಕೋಲಿತ್ತು. ಎತ್ತಿ ಹಿಡಿದರೆ ಬರುತ್ತಾಳೆ. ಎರಡು ತಿಂಗಳು ಅದನ್ನೇ ಕಲಿಸಿದ್ದೇನಲ್ಲ, ಎಲ್ಲಿಂದ ಕಂಡರೂ ಬರುತ್ತಾಳೆ. ಕೈ ಅರ್ಧ ಏರಿತ್ತು. ಆಗ ಕಂಡಿತು: ನಮ್ಮಿಬ್ಬರ ನಡುವೆ ಆರು ಸಾಲು ಗಾಡಿಗಳು. ಅವಳು ಕೆಂಪು ಚೂರನ್ನು ನೋಡುತ್ತಾಳೆ, ಗಾಡಿಗಳನ್ನು ನೋಡುವುದಿಲ್ಲ.

ಕೋಲನ್ನು ಸೀರೆಯ ಸೆರಗಿನೊಳಗೆ ಬಚ್ಚಿಟ್ಟೆ. ಸಿಂಧೂರಳ ತೋಳು ಹಿಡಿದು ರಸ್ತೆಗೆ ಇಳಿದೆ. ಕೈ ಅಡ್ಡ ಹಿಡಿದೆ. ಸಿಂಧೂರ ಕಿರುಚಿದಳು: "ರೋಕೋ! ಗಾಡಿ ರೋಕೋ! ದಿಖ್ತಾ ನಹೀಂ ಹೈ ಕ್ಯಾ?" ಆ ಹುಡುಗಿಗೆ ಅಂಥ ಗಂಟಲಿದೆ ಎಂದು ನನಗೆ ಈ ಐದು ವರ್ಷ ಗೊತ್ತೇ ಇರಲಿಲ್ಲ. ಒಬ್ಬ ಕಾರಿನವನು ಗಾಜು ಇಳಿಸಿ ಬೈದ. ಅವಳು ಅವನ ಬಾನೆಟ್ಟಿಗೆ ಅಂಗೈಯಿಂದ ಬಡಿದು ಎರಡರಷ್ಟು ಬೈದಳು. ಗಾಡಿಗಳು ನಿಂತವು.

ಆಚೆ ದಾಟಿ, ಮೆಣಸಿಯ ಮೂಗಿನ ಹತ್ತಿರ ಬಂದ ಮೇಲೆಯೇ ಕೋಲು ತೆಗೆದೆ. ಅವಳ ಮೈಯೆಲ್ಲ ನಡುಗುತ್ತಿತ್ತು. ಆದರೂ ಮೂಗು ಬಂದು ತುದಿಗೆ ತಾಗಿತು. ಪಟ್ಟಿ ಹಾಕಿದೆ. ಮತ್ತೆ ರಸ್ತೆ ನಿಲ್ಲಿಸಿ ಈಚೆ ಬಂದೆವು. ಪಟಾಕಿ ಇನ್ನೂ ಸಿಡಿಯುತ್ತಿತ್ತು, ಮೆಣಸಿ ಕೋಲಿನಿಂದ ಮೂಗು ತೆಗೆಯಲಿಲ್ಲ.

ಗೇಟಿನೊಳಗೆ ಬಂದ ಮೇಲೆ ಸಿಂಧೂರ ಕಟ್ಟೆಯ ಮೇಲೆ ಕೂತು ಅತ್ತಳು. "ನಾನು ಕೋಲು ಎತ್ತಿ ಅಂತ ಹೇಳೋದರಲ್ಲಿದ್ದೆ ಅತ್ತೆ" ಎಂದಳು. ತಲೆ ಸವರಿದೆ. ಚಳಿಯಲ್ಲೂ ಬೆವರಿದ್ದಳು.

ಪಟ್ಟಿ ಸಡಿಲ ಇದ್ದದ್ದು ನನ್ನ ತಪ್ಪು. ನಾಳೆ ಎರಡು ತೂತು ಬಿಗಿ ಮಾಡಬೇಕು.

ಫೆಬ್ರವರಿ 3

ಸಭೆ. ಪಾರ್ಕಿನಲ್ಲಿ ಇಪ್ಪತ್ತು ಕುರ್ಚಿ, ಮೇಜು, ರಿಜಿಸ್ಟರು. ರಾಯರು ಮಫ್ಲರು ಸುತ್ತಿಕೊಂಡು ನಿಜವಾಗಿಯೂ ಬೇಗ ಬಂದಿದ್ದರು.

"ನಾನೇ ಪರೀಕ್ಷೆ ಮಾಡ್ತೀನಿ" ಎಂದು ಹಾಲಿನ ಪ್ಯಾಕೆಟ್ ಹಿಡಿದು ಮೆಣಸಿಯ ಪಕ್ಕದಿಂದ ನಡೆದರು. ಮೂಗು ಕೋಲಿನಲ್ಲಿ. ಛತ್ರಿಯನ್ನು ಪಟಕ್ಕನೆ ಬಿಡಿಸಿದರು. ಕಿವಿ ನಿಮಿರಿತು, ಮೂಗು ಕೋಲಿನಲ್ಲಿ. ಮೂರನೆಯ ಸಲ ಬ್ರೆಡ್ಡಿನ ಚೂರೊಂದನ್ನು ಬೇಕೆಂದೇ ಬೀಳಿಸಿದರು. ಮೆಣಸಿ ಬ್ರೆಡ್ಡು ನೋಡಿದಳು, ನನ್ನನ್ನು ನೋಡಿದಳು. ನಾನು ಕೋಲನ್ನು ಅಲುಗಿಸಲಿಲ್ಲ. ಬಂದು ತುದಿ ಮುಟ್ಟಿದಳು. ಟಕ್. ಅವಳಿಗೆ ಪನೀರು ಕೊಟ್ಟೆ, ಒಂದಲ್ಲ, ನಾಲ್ಕು.

ಆಮೇಲೆ ರತ್ನಾ ಬಂದರು. ಅದು ಪರೀಕ್ಷೆಯಲ್ಲಿ ಇರಲಿಲ್ಲ, ಅವರೇ ಎದ್ದು ಬಂದರು. ಮೆಣಸಿಯ ಬಾಲ ಅತ್ತಿತ್ತ ಹಾರಿತು. ಕೋಲನ್ನು ಕೆಳಗೆ ಹಿಡಿದೆ. ನಾಲ್ಕು ಕಾಲೂ ನೆಲದ ಮೇಲೆಯೇ ಇತ್ತು. ಜನ ಚಪ್ಪಾಳೆ ತಟ್ಟಿದರು.

ರಾಯರು ಕೂತು ರಿಜಿಸ್ಟರಿನಲ್ಲಿ ತಮ್ಮ ಆಕ್ಷೇಪಣೆ ಬರೆಯತೊಡಗಿದರು. ಯಾರು ಮಾಡಿದರೋ ಗೊತ್ತಿಲ್ಲ, ರಿಜಿಸ್ಟರಿನ ರಟ್ಟಿನ ಮೇಲೆ ಒಂದು ಹಳದಿ ಚೀಟಿ ಅಂಟಿತ್ತು. ಮೆಣಸಿ ಕುರ್ಚಿಗೆ ಮುಂಗಾಲು ಊರಿ, ಮೂಗಿನಿಂದ ನೂಕಿ, ರಾಯರ ಪೆನ್ನಿನ ಮೇಲೆಯೇ ರಿಜಿಸ್ಟರು ಮುಚ್ಚಿದಳು. ಇಪ್ಪತ್ತು ಕುರ್ಚಿಯೂ ನಕ್ಕಿತು. ಸಿಂಧೂರ ಮಾತ್ರ ಆಕಾಶ ನೋಡುತ್ತಿದ್ದಳು.

ಮತಕ್ಕೆ ಹಾಕಿದರು. ರಾಯರು ಮತ್ತು ಇನ್ನೊಬ್ಬರು ವಿರುದ್ಧ, ಉಳಿದವರೆಲ್ಲ ನಮ್ಮ ಕಡೆ. ರಾಯರು ಒಪ್ಪಿಗೆ ಪತ್ರ ತಂದು ಸಹಿ ಮಾಡಿ ಎಂದರು. ಓದಿದೆ. 'ಒಡತಿಯ ಅಂಗವೈಕಲ್ಯವನ್ನು ಪರಿಗಣಿಸಿ, ಕನಿಕರದ ಮೇಲೆ' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಸಿಂಧೂರ ಅರ್ಥ ಹೇಳಲು ಬಂದಳು. ಬೇಡ ಎಂದೆ. ಆ ಇಂಗ್ಲಿಷು ನನಗೆ ಅರ್ಥವಾಗುತ್ತದೆ.

"ಈ ಸಾಲು ಹೊಡೆದುಹಾಕಿ" ಎಂದೆ, ಇರುವಷ್ಟು ಗಾಳಿಯಲ್ಲಿ.

"ಅದು ಫಾರ್ಮ್ಯಾಲಿಟಿ ಅಮ್ಮಣ್ಣಿಯವರೇ. ನಿಮ್ಮ ಒಳ್ಳೇದಕ್ಕೇ ಹಾಕಿದ್ದು."

"ನಿಮ್ಮ ಕನಿಕರದಿಂದ ನನ್ನ ನಾಯಿ ಉಳೀಲಿಲ್ಲ. ಅವಳು ಪಾಸಾಗಿದ್ದಾಳೆ. ಹೊಡೀರಿ. ಇಲ್ಲಾಂದ್ರೆ ನಾಳೆ ಬೆಳಗ್ಗೆ ಮತ್ತೆ ಸಭೆ ಕರೀರಿ, ನಾನು ಮತ್ತೆ ಬರ್ತೀನಿ."

ಮುಂದಿನವರು ಹಿಂದಿನವರಿಗೆ ಸುಮ್ಮನಿರಿ ಎಂದು ಕೈ ಮಾಡುತ್ತಿದ್ದರು. ಎಲ್ಲರೂ ಕುರ್ಚಿ ಎಳೆದುಕೊಂಡು ಮುಂದೆ ಬಂದರು. ರಾಯರು ಪೆನ್ನು ತೆಗೆದು ಗೆರೆ ಎಳೆದರು. ಗೆರೆಯ ಪಕ್ಕ ಚಿಕ್ಕ ಸಹಿಯನ್ನೂ ಹಾಕಿಸಿಕೊಂಡೆ. ಸರ್ಕಾರಿ ನೌಕರರಿಗೆ ಅದರ ಬೆಲೆ ಗೊತ್ತು.

ಫೆಬ್ರವರಿ 12

ಬರೆಯಲು ಹೊತ್ತಿಲ್ಲ. ನಿನ್ನೆಯಿಂದ ಹೋಟೆಲಿಗೆ ಹೋಗುತ್ತಿದ್ದೇನೆ. ದೀಕ್ಷಿತ್ "ಹೇಗಮ್ಮಾ ಮ್ಯಾನೇಜ್ ಮಾಡ್ತೀ?" ಎಂದ. ಹೋಗಿ ಗಲ್ಲಾದಲ್ಲಿ ಕೂತೆ. ಗೋಪಾಲ ಎದ್ದು ಜಾಗ ಬಿಟ್ಟ. ಗಿರಾಕಿಗಳು ನನ್ನ ಕಡೆಗೆ ಬಗ್ಗಿ ಮಾತಾಡುತ್ತಾರೆ, ಬಗ್ಗಲಿ. ಸಾಂಬಾರಿಗೆ ಹುಳಿ ಹೆಚ್ಚಾಗಿತ್ತು. ಒಳಗೆ ಹೋಗಿ ಭಟ್ಟರಿಗೆ ರುಚಿ ನೋಡಿಸಿದೆ. "ಹೌದಮ್ಮ" ಎಂದರು. ಮೊದಲು ಇದಕ್ಕೆ ಅರ್ಧ ಗಂಟೆಯ ಜಗಳ ಆಗುತ್ತಿತ್ತು. ಭಟ್ಟರು ವಯಸ್ಸಾಗಿ ಮೆತ್ತಗಾಗಿದ್ದಾರೆ.

ಫೆಬ್ರವರಿ 17

ಸಭೆಯ ಮರುದಿನದಿಂದ ನಾಯಿ ಇರುವವರೆಲ್ಲ ನನ್ನ ಹಿಂದೆ ಬಿದ್ದಿದ್ದಾರೆ. ನಮಗೂ ಕಲಿಸಿ ಎಂದು. ಭಾನುವಾರ ಸಂಜೆ ಐದಕ್ಕೆ ಬನ್ನಿ ಎಂದೆ.

ಬೆಳಗ್ಗೆ ನೋಡಿದರೆ ಪಾರ್ಕಿನ ಗೇಟಿಗೆ ರಾಯರ ಹೊಸ ನೋಟಿಸು. ಉದ್ಯಾನದಲ್ಲಿ ನಾಯಿಗಳ ತರಬೇತಿ, ಗುಂಪು ಸೇರುವುದು, ಕೋಲು ತರುವುದು ನಿಷಿದ್ಧ. ಸಿಂಧೂರ ಗಟ್ಟಿಯಾಗಿ ಓದಿದಳು. "ಏನ್ ಮಾಡೋಣ ಅತ್ತೆ?" "ನೀನು ಪನೀರು ಕತ್ತರಿಸು, ನಾನು ಕಡ್ಡಿಗಳಿಗೆ ಬಟ್ಟೆ ಸುತ್ತುತ್ತೇನೆ" ಎಂದೆ.

ಐದಕ್ಕೆ ಐದು ನಾಯಿಗಳು ಬಂದವು. ನೋಟಿಸಿನ ಪಕ್ಕದಲ್ಲೇ ಹಾದು ಬಂದವು. ಗಾರ್ಡ್ ಭಯ್ಯಾ ಆ ಕಡೆ ತಿರುಗಿ ಬೀಡಿ ಹಚ್ಚಿದ. ರಾಯರು ಮೊದಲ ಮಹಡಿಯ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದರು. ನಾನೂ ಮೇಲೆ ನೋಡಿದೆ. ಕೋಲನ್ನು ಇನ್ನಷ್ಟು ಎತ್ತಿ ಹಿಡಿದೆ.

ಆಗ ಅವರದೇ ಮೆಟ್ಟಿಲಿನಿಂದ ರತ್ನಾ ಇಳಿದು ಬಂದರು. ಶಾಲು ಹೊದ್ದು, ಓಡಾಡಲು ಕ್ಯಾನ್ವಾಸು ಶೂ ಹಾಕಿಕೊಂಡಿದ್ದರು. ನಾಯಿಯಿಲ್ಲ, ಕೈ ಖಾಲಿ. ಮೇಲಿನಿಂದ ರಾಯರು "ರತ್ನಾ, ನೋಟಿಸು ಓದಲಿಲ್ವೇನು?" ಎಂದರು.

"ಟೈಪ್ ಮಾಡಿದ್ದೇ ನಾನಲ್ವಾ?" ಎಂದರು ರತ್ನಾ, ತಿರುಗಿ ನೋಡದೆ. ನನ್ನ ಎದುರಿಗೆ ಬಂದು ನಿಂತರು. ಈ ಸಲ ಕೈ ಚಾಚಲಿಲ್ಲ, ಏನೂ ಕೇಳಲೂ ಇಲ್ಲ.

ನಾನೇ ಕೋಲನ್ನು ಅವರ ಕೈಗೆ ಕೊಟ್ಟೆ. ಹಿಡಿಯುವ ರೀತಿ ತೋರಿಸಿದೆ. ಮೆಣಸಿ ಒಮ್ಮೆ ನನ್ನ ಮುಖ ನೋಡಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದು ಸಿಂಧೂರಳ ಪಕ್ಕ ನಿಂತೆ.

ಮೆಣಸಿ ರತ್ನಾ ಹಿಡಿದ ಕೋಲಿನ ಕಡೆಗೆ ಹೋದಳು.